ಉದ್ಯಮಿಯ ಕಾಗದ ಕಾಯುವವರು

ಕತಗಾಲದ ಮಳೆಗಾಲ ಕಂಡವರಿಗೆ ಹಳೆಯ ಕಾಗದ ಉಳಿಸುವ ಕಷ್ಟ ಗೊತ್ತು. ಘಟ್ಟದ ಬುಡದ ತೇವಕ್ಕೆ ಜಮೀನಿನ ಪತ್ರ, ಅಡಿಕೆ ಲೆಕ್ಕದ ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ, ಉಳಿದದ್ದು ಗೆದ್ದಲಿಗೆ. ಅದಕ್ಕೇ 1991ರಲ್ಲಿ ಶುರುವಾದ, ಈಗ ಪುಣೆಯಲ್ಲಿರುವ ಟಾಟಾ ಸೆಂಟ್ರಲ್ ಆರ್ಕೈವ್ಸ್‌ನಂಥ ಪತ್ರಾಗಾರಗಳ ಕೆಲಸ ನನಗೆ ಬಹಳ ದೊಡ್ಡದು.

ಜಮ್‌ಶೆಟ್‌ಜಿ ಟಾಟಾ 1898ರ ನವೆಂಬರ್ 23ರಂದು ವಿವೇಕಾನಂದರಿಗೆ ಬರೆದ ಪತ್ರವನ್ನೇ ನೋಡಿ. 1893ರಲ್ಲಿ ಜಪಾನಿನಿಂದ ಹೊರಟ ಹಡಗಿನಲ್ಲಿ ಜೊತೆಗಿದ್ದದ್ದನ್ನು ನೆನೆದು, ವಿಜ್ಞಾನ ಸಂಸ್ಥೆಯ ಯೋಜನೆಗೆ ಅವರ ನೆರವು ಕೋರುತ್ತಾರೆ. ಬೆಂಗಳೂರಿನಲ್ಲಿ 1909ರಲ್ಲಿ ಆ ಸಂಸ್ಥೆ ಹುಟ್ಟಿದಾಗ ಇಬ್ಬರೂ ಬದುಕಿರಲಿಲ್ಲ. ಪತ್ರ ಉಳಿದಿತ್ತು.

ಕಾಗದ ಜೋಡಿಸುವವರ ಜಾಣ್ಮೆ ಇರುವುದು ಸಂಯಮದಲ್ಲಿ. ಇಟ್ಟವರ ಕ್ರಮವನ್ನು ಅವರು ಕೆಡಿಸುವುದಿಲ್ಲ. ಬಿಲ್ಲಿನ ಪಕ್ಕ ದಾನದ ಕೋರಿಕೆ ಇದ್ದರೆ ಆ ನೆರೆಯೂ ಒಂದು ಸಾಕ್ಷಿ. ತುಕ್ಕು ಹಿಡಿದ ಗುಂಡುಪಿನ್ನನ್ನು ಹುಷಾರಾಗಿ ತೆಗೆದು, ಹಾಳೆಯನ್ನು ಆಮ್ಲರಹಿತ ಕಡತಕ್ಕೆ ಸೇರಿಸಿ, ಸಂಖ್ಯೆಯನ್ನು ಪೆನ್ಸಿಲಿನಲ್ಲೇ ಬರೆಯುತ್ತಾರೆ, ಬೇಕಾದರೆ ಅಳಿಸಬಹುದೆಂದು. ಆಮೇಲೆ ಸೂಚಿ: ಯಾರು, ಯಾರಿಗೆ, ಯಾವಾಗ, ಯಾವ ಪೆಟ್ಟಿಗೆ. ಜೀವನಚರಿತ್ರೆಯೊಂದರ ಒಂದೇ ಒಂದು ಅಡಿಟಿಪ್ಪಣಿಯ ಹಿಂದೆ ಈ ಸೂಚಿ ಬರೆದವರ ತಾಳ್ಮೆಯ ದುಡಿಮೆಯಿದೆ. ಅಂಥ ಪುಸ್ತಕಗಳ ಮೊದಲ ಪುಟದಲ್ಲೇ ಅವರ ಹೆಸರು ಅಚ್ಚಾಗಬೇಕು.