ಬಾಗಿಲು ಹಾಕಿಕೊಂಡ ಮೌನ

ಸದ್ದಿಲ್ಲದ ಕಂಪ್ಯೂಟರ್ ಕಟ್ಟಿಸಬೇಕು ಎಂದರೆ ಸಾಕು, ಬಲ್ಲವರು ಇವತ್ತಿಗೂ ಡಿಫೈನ್ ಹೆಸರು ಹೇಳುತ್ತಾರೆ. ಸ್ವೀಡನ್ನಿನ ಗೊಥೆನ್‌ಬರ್ಗ್‌ನ ಫ್ರ್ಯಾಕ್ಟಲ್ ಡಿಸೈನ್ ಕಂಪನಿಯ ಕ್ಯಾಬಿನೆಟ್ ಸಾಲು ಅದು. ಆ ಕೀರ್ತಿ ಮುಖ್ಯವಾಗಿ 2014ರ ಡಿಫೈನ್ ಆರ್5 ಗಳಿಸಿಕೊಟ್ಟದ್ದು. ಮಗ್ಗುಲ ತಗಡನ್ನು ಬೆರಳಿನಿಂದ ತಟ್ಟಿದರೆ ಟಣ್ ಅನ್ನುವುದಿಲ್ಲ, ದಪ್ ಅನ್ನುತ್ತದೆ. ಆ ‘ದಪ್’ ಕೇಳಿಯೇ ಅರ್ಧ ವಿಮರ್ಶಕರು ಸೋತರು. ಆರ್5 ಒಳ್ಳೆಯ ಕ್ಯಾಬಿನೆಟ್ಟೇ. ಆದರೆ ಅದರ ಹೆಸರು ಬೇರೊಂದು ಕಾಲದ ಯಂತ್ರಕ್ಕೆ ಸಲ್ಲಬೇಕಾದದ್ದು.

ಅದು ಹಾರ್ಡ್ ಡಿಸ್ಕ್‌ಗಳ ಕಾಲ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಎಂದರೆ ಸೆಕೆಂಡಿಗೆ 120 ಸಲದ ನಡುಕ. ಆ ನಡುಕ ಉಕ್ಕಿನ ತಗಡಿಗೆ ಹತ್ತಿದರೆ ಇಡೀ ಪೆಟ್ಟಿಗೆ ಗುಂಯ್‌ಗುಡುತ್ತದೆ. ತಗಡಿಗೆ ಮೆತ್ತಿದ ಡಾಂಬರಿನ ಹಾಳೆ, ಡಿಸ್ಕ್ ಕೂರಿಸುವ ತಟ್ಟೆಗೆ ಕೊಟ್ಟ ರಬ್ಬರ್ ಎರಡೂ ಅದಕ್ಕೆ ಸರಿಯಾದ ಮದ್ದು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಬಂದ ಮೇಲೆ ರೋಗವೇ ಹೋಯಿತು. ಮದ್ದಿಗೆ ಮಾತ್ರ ಇನ್ನೂ ಹೊಗಳಿಕೆ.

ಉಳಿದದ್ದು ಮುಂಬಾಗಿಲು, ಅದರ ಒಳಮೈಗೆ ಅಂಟಿಸಿದ ಫೋಮ್. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಬಾಗಿಲಿನ ಹಿಂದೆ ದೂಳು ತಡೆಯುವ ಜಾಲರಿ, ಜಾಲರಿಯ ಹಿಂದೆ 140 ಮಿಲಿಮೀಟರಿನ ಫ್ಯಾನ್. ಬಾಗಿಲು ಪೂರ್ತಿ ಮುಚ್ಚಿದ್ದರಿಂದ ಫ್ಯಾನಿಗೆ ಎದುರಿನಿಂದ ಗಾಳಿಯಿಲ್ಲ. ಚೌಕಟ್ಟಿನ ಅಂಚಿನ ಸೀಳುಗಳಿಂದ ನುಸುಳಿ, ತಿರುವು ತೆಗೆದುಕೊಂಡು, ಜಾಲರಿ ದಾಟಿ ಗಾಳಿ ಒಳಗೆ ಬರಬೇಕು. ಬಾಯಿಗೆ ಬಟ್ಟೆ ಕಟ್ಟಿ ಓಟಕ್ಕೆ ನಿಲ್ಲಿಸಿದ ಹಾಗೆ. ಒಳಗೆ ಶಾಖ ಏರುತ್ತದೆ, ಮದರ್‌ಬೋರ್ಡ್ ಫ್ಯಾನಿನ ವೇಗ ಏರಿಸುತ್ತದೆ. ಫ್ಯಾನಿನ ವೇಗ ಇಮ್ಮಡಿಯಾದರೆ ಸದ್ದು ಸುಮಾರು 15 ಡೆಸಿಬಲ್ ಏರುತ್ತದೆ ಎಂಬುದು ಎಂಜಿನಿಯರುಗಳ ಹಳೇ ಲೆಕ್ಕ. ಅಷ್ಟನ್ನು ನುಂಗುವ ಶಕ್ತಿ ಆ ಫೋಮಿಗೆ ಇದೆಯೇ?

ಇಲ್ಲ. ಏಳು ಎಲೆಗಳ ಫ್ಯಾನ್ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಅದರ ಮೂಲ ಗುಂಯ್‌ಕಾರ ಸುಮಾರು 117 ಹರ್ಟ್ಸ್. ಆ ಅಲೆಯ ಉದ್ದ ಸುಮಾರು ಮೂರು ಮೀಟರ್. ಫೋಮ್ ಚೆನ್ನಾಗಿ ಹೀರಬೇಕಾದರೆ ದಪ್ಪ ಅಲೆಯ ಕಾಲು ಭಾಗದಷ್ಟಾದರೂ ಇರಬೇಕು, ಅಂದರೆ ಎಪ್ಪತ್ತು ಸೆಂಟಿಮೀಟರಿನ ಆಚೀಚೆ. ಇಲ್ಲಿರುವುದು ಕೆಲವೇ ಮಿಲಿಮೀಟರ್. ಕಾಯಿಲ್‌ಗಳ ಕೀರಲು ದನಿಯಂಥ ಹೆಚ್ಚಿನ ಕಂಪನಾಂಕದ ಸದ್ದನ್ನು ಅದು ತಗ್ಗಿಸುತ್ತದೆ, ಅಷ್ಟು ನ್ಯಾಯ ಸಲ್ಲಿಸೋಣ.

ಇತ್ತ ಒಳಗಿನ ಶಾಖವೂ ಬೆಳೆಯುತ್ತ ಹೋಯಿತು. 2014ರ ಜನಪ್ರಿಯ ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 970ಕ್ಕೆ 145 ವಾಟ್ ಸಾಕಿತ್ತು. 2020ರ ಆರ್‌ಟಿಎಕ್ಸ್ 3080ಗೆ 320 ವಾಟ್ ಬೇಕು. ಹೊರಗೆ ಹೋಗಬೇಕಾದ ಶಾಖ ಇಮ್ಮಡಿಗಿಂತ ಹೆಚ್ಚಾಯಿತು, ದಾರಿ ಅದೇ ಸೀಳು.

ಇದನ್ನು ವಿಮರ್ಶಕರು ಕಾಣಲಿಲ್ಲವೇ ಎಂದರೆ, ಅವರು ಅಳೆದ ಕ್ರಮವೇ ಕಾಣಗೊಡಲಿಲ್ಲ. ಎರಡು ಕ್ಯಾಬಿನೆಟ್‌ಗಳಲ್ಲೂ ಫ್ಯಾನಿನ ವೇಗ ಒಂದೇ ಮಾಡಿ, ಬಾಗಿಲ ಮುಂದೆ ಮೀಟರ್ ಹಿಡಿದರೆ ಬಾಗಿಲಿದ್ದದ್ದೇ ಗೆಲ್ಲಬೇಕು, ಗೆಲ್ಲುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಗ್ರಾಫಿಕ್ಸ್ ಕಾರ್ಡನ್ನು ಒಂದೇ ಶಾಖದಲ್ಲಿಡಲು ಯಾವುದು ಎಷ್ಟು ಸದ್ದು ಮಾಡುತ್ತದೆ? ಈಗೀಗ ಕೆಲವರು ಸದ್ದಿನ ಮಟ್ಟ ಸಮ ಮಾಡಿ ಶಾಖ ಅಳೆಯುತ್ತಿದ್ದಾರೆ, ಸರಿಯಾದ ದಾರಿ. ಉಳಿದವರು ತಣ್ಣನೆಯ ಕೋಣೆಯಲ್ಲಿ ಕೂತು ದಶಮಾಂಶದ ಡೆಸಿಬಲ್ ಬರೆಯುತ್ತಾರೆ. ಅದನ್ನು ಓದಿ ರಾಯಚೂರಿನಲ್ಲೊಬ್ಬ ಏಪ್ರಿಲ್ ತಿಂಗಳಲ್ಲಿ ಡಿಫೈನ್ ತರಿಸುತ್ತಾನೆ. ಅವನ ಕೋಣೆಯ ಗಾಳಿಯೇ ಕಾದಿರುತ್ತದೆ, ತಲೆಯ ಮೇಲಿನ ಸೀಲಿಂಗ್ ಫ್ಯಾನ್ ಆ ದಶಮಾಂಶವನ್ನೆಲ್ಲ ಎಂದೋ ಮುಳುಗಿಸಿರುತ್ತದೆ. ಹಾಗಂತ ಜಾಲರಿ ಮುಖದ ಕ್ಯಾಬಿನೆಟ್ಟನ್ನೇ ಮಂತ್ರದಂತೆ ಜಪಿಸುವ ಇನ್ನೊಂದು ಬಣದ ಜೊತೆಗೂ ನಾನಿಲ್ಲ. ಮುಂದೆ ಜಾಲರಿ ಬಡಿದು ಕಳಪೆ ಫ್ಯಾನ್ ಕೂರಿಸಿದ ಪೆಟ್ಟಿಗೆಗಳಿಗೆ ಬರವಿಲ್ಲ.

ಸದ್ದು ತಗ್ಗಿಸುವ ಸರಿಯಾದ ದಾರಿ ಗೊತ್ತಿರದ ಸಂಗತಿಯೂ ಅಲ್ಲ. 2005ರಲ್ಲೇ ಸೈಲೆಂಟ್ ಪಿಸಿ ರಿವ್ಯೂ ಜಾಲತಾಣದ ಮೈಕ್ ಚಿನ್ ಜೊತೆಗೂಡಿ ಆಂಟೆಕ್ ಕಂಪನಿ ಮಾಡಿದ ಪಿ180 ಕ್ಯಾಬಿನೆಟ್ಟಿನಲ್ಲಿ ಪವರ್ ಸಪ್ಲೈಗೆ ಕೆಳಗೆ ಬೇರೆಯೇ ಕೋಣೆ. ಅದಕ್ಕೂ ಬಾಗಿಲಿತ್ತು, ಗೋಡೆಗೆ ಪದರಗಳಿದ್ದವು, ನಿಜ. ಆದರೆ ಅದರ ಮುಖ್ಯ ಹೊಳಹು ಶಾಖವನ್ನು ಬೇರ್ಪಡಿಸಿ ಫ್ಯಾನುಗಳನ್ನು ನಿಧಾನ ತಿರುಗಲು ಬಿಡುವುದು. ಮುಂದೆ ಬಂದವರು ಗೋಡೆಯ ಪದರಗಳನ್ನಷ್ಟೇ ನಕಲು ಮಾಡಿದರು. ಕೊನೆಗೆ ಡಿಫೈನ್ ಮಾಡಿದವರೇ ಡಿಫೈನ್‌ಗೆ ಉತ್ತರ ಬರೆದರು. 2020ರ ಡಿಫೈನ್ 7ರ ಜೊತೆ ತೂತಿರುವ ಮೇಲ್ಮುಚ್ಚಳವೊಂದನ್ನು ಕೊಟ್ಟರು. 2021ರ ಟೊರೆಂಟ್‌ನಲ್ಲಿ ಬಾಗಿಲೂ ಇಲ್ಲ, ಫೋಮೂ ಇಲ್ಲ, ಮುಂದೆ 180 ಮಿಲಿಮೀಟರಿನ ಎರಡು ಫ್ಯಾನ್. ದೊಡ್ಡ ಫ್ಯಾನ್ ಮೆಲ್ಲಗೆ ತಿರುಗಿಯೇ ಬೇಕಾದಷ್ಟು ಗಾಳಿ ತಳ್ಳುತ್ತದೆ. ಮೌನದ ಕ್ಯಾಬಿನೆಟ್ ಎಂದು ಕರೆಯಬೇಕಾದದ್ದು ಇದನ್ನು.

ಆರ್5 ಇದ್ದವರು ಅದನ್ನು ಮಾರಬೇಕಾಗಿಲ್ಲ. ಹಾರ್ಡ್ ಡಿಸ್ಕ್ ತುಂಬಿದ ಮನೆಯ ಸರ್ವರಿಗೆ ಅದರಷ್ಟು ಒಳ್ಳೆಯ ಪೆಟ್ಟಿಗೆ ಈಗಲೂ ವಿರಳ. ಗೇಮ್ ಆಡುವವರು ಮಾತ್ರ ಆಡುವಷ್ಟು ಹೊತ್ತು ಬಾಗಿಲು ತೆರೆದಿಡಲಿ, ಮೇಲಿನ ಫೋಮ್ ಮುಚ್ಚಳ ಕಿತ್ತು ಅಲ್ಲೊಂದು ಫ್ಯಾನ್ ಹಾಕಿಸಲಿ.