ವಯಸ್ಸಾದಂತೆ ಗಡಸಾದ ಸ್ಟ್ರೈಪರ್

ಹಾರ್ಡ್ ರಾಕ್ ತಂಡಗಳಿಗೆ ವಯಸ್ಸಾದಂತೆ ಸದ್ದು ಮೆತ್ತಗಾಗುವುದು ರೂಢಿ. ಗಿಟಾರಿನ ಅಬ್ಬರ ತಗ್ಗುತ್ತದೆ, ಹಳೆಯ ಹಿಟ್‌ಗಳೆಲ್ಲ ಒಂದೊಂದಾಗಿ ಅಕೌಸ್ಟಿಕ್ ಆಗುತ್ತವೆ, ಹಾಡುಗಾರ ತಾರಸ್ಥಾಯಿಯ ಕಡೆಗೆ ಹೋಗುವುದನ್ನೇ ಬಿಡುತ್ತಾನೆ. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಹುಟ್ಟಿದ ಸ್ಟ್ರೈಪರ್ ಈ ರೂಢಿಗೆ ಬೆನ್ನು ಹಾಕಿದ ತಂಡ. ಇಪ್ಪತ್ತರ ಹರೆಯದಲ್ಲಿ ಸಕ್ಕರೆ ಸವರಿದ ಕೋರಸ್‌ಗಳನ್ನು ಹಾಡುತ್ತ ಸೈತಾನನನ್ನು ನರಕಕ್ಕೆ ಅಟ್ಟುತ್ತಿದ್ದ ಹುಡುಗರು, ಐವತ್ತರ ಆಚೀಚೆ ತಮ್ಮ ಬದುಕಿನ ಅತ್ಯಂತ ಗಟ್ಟಿ ಸಂಗೀತವನ್ನು ನುಡಿಸಿದರು. ಆಗ ಅವರ ಸಾಹಿತ್ಯವೂ ಹೊರಗಿನ ಶತ್ರುವನ್ನು ಬಿಟ್ಟು ಒಳಗಿನ ಅಹಂಕಾರದ ಕಡೆ ತಿರುಗಿತು. ಎರಡೂ ಒಟ್ಟಿಗೆ ಆದದ್ದು ಕಾಕತಾಳೀಯ ಎಂದು ನನಗನಿಸುವುದಿಲ್ಲ.

ಕ್ರೈಸ್ತ ಭಕ್ತಿಯನ್ನು ರಾಕ್ ಸಂಗೀತದಲ್ಲಿ ಹಾಡಿದವರಲ್ಲಿ ಸ್ಟ್ರೈಪರ್ ಮೊದಲಿಗರೇನೂ ಅಲ್ಲ. ಲ್ಯಾರಿ ನಾರ್ಮನ್ 1969ರಲ್ಲೇ 'ಅಪಾನ್ ದಿಸ್ ರಾಕ್' ಹೊರತಂದಿದ್ದರು. ಇಂಡಿಯಾನಾದ ಪೆಟ್ರಾ ತಂಡ 1972ರಲ್ಲಿ ಶುರುವಾಗಿತ್ತು. ಆದರೆ ಅವರ ಲೋಕ ಬೇರೆ. ಅವರ ರೆಕಾರ್ಡ್‌ಗಳು ಹೆಚ್ಚಾಗಿ ಕ್ರೈಸ್ತ ಪುಸ್ತಕದಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು, ಕೇಳುಗರೂ ಬಹುಮಟ್ಟಿಗೆ ಚರ್ಚಿನವರೇ. ಸ್ಟ್ರೈಪರ್ ಬೆಳೆದದ್ದು ಲಾಸ್ ಏಂಜಲೀಸಿನ ಸನ್‌ಸೆಟ್ ಸ್ಟ್ರಿಪ್ಪಿನ ಕ್ಲಬ್ಬುಗಳಲ್ಲಿ, ಕೂದಲು ಕೆದರಿಕೊಂಡು ಕಣ್ಣಿಗೆ ಕಾಡಿಗೆ ಹಚ್ಚಿಕೊಳ್ಳುವ ತಂಡಗಳ ನಡುವೆ. ಆಗ ಅದರ ಹೆಸರು ರಾಕ್ಸ್ ರೆಜೀಮ್. ಅಣ್ಣ ರಾಬರ್ಟ್ ಸ್ವೀಟ್ ಡ್ರಮ್ಸ್, ತಮ್ಮ ಮೈಕೆಲ್ ಸ್ವೀಟ್ ಹಾಡುಗಾರಿಕೆ ಮತ್ತು ಗಿಟಾರ್, ಜತೆಗೆ ಇನ್ನೊಬ್ಬ ಗಿಟಾರಿಗ ಆಜ್ ಫಾಕ್ಸ್. ಅಣ್ಣತಮ್ಮಂದಿರು ಹುಡುಗರಾಗಿದ್ದಾಗ ಟಿವಿಯ ಧರ್ಮಬೋಧಕ ಜಿಮ್ಮಿ ಸ್ವಾಗರ್ಟ್ ಅವರ ಕಾರ್ಯಕ್ರಮ ನೋಡಿ ಸ್ವೀಟ್ ಕುಟುಂಬ ಯೇಸುವಿನ ಕಡೆ ತಿರುಗಿತ್ತು. ಆಮೇಲೆ ಕ್ಲಬ್ಬುಗಳ ಬದುಕಿನಲ್ಲಿ ಆ ನಂಟು ಸಡಿಲವಾಯಿತು. 1983ರಲ್ಲಿ ಮತ್ತೆ ಮನಸ್ಸು ಗಟ್ಟಿ ಮಾಡಿಕೊಂಡು, ಬೇಸ್ ನುಡಿಸುವ ಟಿಮ್ ಗೇನ್ಸ್ ಜತೆಗೂಡಿ, ಹೆಸರನ್ನು ಸ್ಟ್ರೈಪರ್ ಎಂದು ಬದಲಿಸಿಕೊಂಡರು. ಯೆಶಾಯನ ಗ್ರಂಥದ 53ನೇ ಅಧ್ಯಾಯದ 5ನೇ ವಚನವನ್ನು ತಂಡದ ಲಾಂಛನದ ಕೆಳಗೆ ಬರೆಸಿಕೊಂಡರು. ಮೈಮೇಲೆ, ಗಿಟಾರಿನ ಮೇಲೆ, ಡ್ರಮ್ಮಿನ ಮೇಲೆ, ಎಲ್ಲೆಲ್ಲೂ ಹಳದಿ ಕಪ್ಪು ಪಟ್ಟೆ. ಕಛೇರಿಯ ನಡುವೆ ಹೊಸ ಒಡಂಬಡಿಕೆಯ ಪ್ರತಿಗಳನ್ನು ಜನರ ಕಡೆಗೆ ಎಸೆಯುತ್ತಿದ್ದರು.

1984ರ 'ದ ಯೆಲೋ ಅಂಡ್ ಬ್ಲ್ಯಾಕ್ ಅಟ್ಯಾಕ್', ಮರುವರ್ಷದ 'ಸೋಲ್ಜರ್ಸ್ ಅಂಡರ್ ಕಮಾಂಡ್' ಎರಡೂ ಯುದ್ಧದ ಮಾತಿನವು. ದೇವರ ಸೈನ್ಯ, ಕತ್ತಲಿನ ಪಡೆ, ಗೆಲ್ಲುವವರು ನಾವು. ಸಾಹಿತ್ಯವಾಗಿ ಇವು ಸರಳ, ಕೆಲವು ಕಡೆ ಭಾನುವಾರದ ಪಾಠಶಾಲೆಯ ಮಟ್ಟದವು. ಆದರೆ ನಾದದಲ್ಲಿ ಹಾಗಿಲ್ಲ. ಮೈಕೆಲ್ ಮತ್ತು ಆಜ್ ಫಾಕ್ಸ್ ಒಂದೇ ಸೋಲೊವನ್ನು ಜೋಡಿಯಾಗಿ ನುಡಿಸುವಾಗ ಒಬ್ಬ ಷಡ್ಜದಲ್ಲಿದ್ದರೆ ಇನ್ನೊಬ್ಬ ಗಾಂಧಾರದಲ್ಲಿರುತ್ತಾನೆ. ಇಬ್ಬರೂ ಅದೇ ಅಂತರ ಕಾಯ್ದುಕೊಂಡು ಮೇಲಕ್ಕೂ ಕೆಳಕ್ಕೂ ಓಡುತ್ತಾರೆ. ಥಿನ್ ಲಿಜ್ಜಿ, ಐರನ್ ಮೇಡನ್ ತಂಡಗಳಿಂದ ಬಂದ ವಿದ್ಯೆ ಇದು. ಅದರ ಮೇಲೆ ಮೂರು ನಾಲ್ಕು ಕಂಠಗಳ ಕೋರಸ್. ಕ್ಲಬ್ಬಿನ ಗಿಟಾರು, ಚರ್ಚಿನ ಮೇಳಗಾನ. ಸ್ಟ್ರೈಪರ್‌ನ ಗುರುತು ಎಂದರೆ ಇದೇ, ಇಂದಿಗೂ ಇದೇ.

1986ರ ಅಕ್ಟೋಬರಿನಲ್ಲಿ 'ಟು ಹೆಲ್ ವಿತ್ ದ ಡೆವಿಲ್' ಬಂತು. ಮೊದಲಿಗೆ 'ಅಬಿಸ್' ಎಂಬ ಪುಟ್ಟ ವಾದ್ಯಭಾಗ, ಯಾವುದೋ ಪಾತಾಳದಿಂದ ಏಳುವಂತೆ. ಅದರ ಬೆನ್ನಿಗೇ ಶೀರ್ಷಿಕೆ ಗೀತೆ. ಇಲ್ಲಿ ಕಿವಿಗೊಡಬೇಕಾದದ್ದು ಲಯಕ್ಕೆ. ಅವಸರವೇ ಇಲ್ಲ. ರಾಬರ್ಟ್ ಡ್ರಮ್ಮನ್ನು ಅಗಲವಾಗಿ, ಹೆಜ್ಜೆ ಎಣಿಸುವಂತೆ ಬಾರಿಸುತ್ತಾರೆ. ರಿಫ್‌ನ ನಡುವೆ ಬಿಟ್ಟ ಖಾಲಿಯಲ್ಲಿ ಮೈಕೆಲ್ ದನಿ ನಿಲ್ಲುತ್ತದೆ. ಆ ದನಿ ಒಂದು ಬೆರಗು. ಮೇಲಿನ ಸ್ವರದಲ್ಲಿ ಚೀರಿದರೂ ಒಡೆಯುವುದಿಲ್ಲ, ಶ್ರುತಿ ಬಿಡುವುದಿಲ್ಲ. ಅದೇ ಆಲ್ಬಮ್ಮಿನ 'ಆನೆಸ್ಟ್ಲಿ' ಪಿಯಾನೊ ಜತೆಗಿನ ಮೆಲುಹಾಡು, ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 23ನೇ ಸ್ಥಾನಕ್ಕೇರಿತು. ಅದನ್ನು ಪ್ರೇಮಗೀತೆಯೆಂದೂ ಕೇಳಬಹುದು, ಪ್ರಾರ್ಥನೆಯೆಂದೂ ಕೇಳಬಹುದು. 'ಫ್ರೀ', 'ಕಾಲಿಂಗ್ ಆನ್ ಯು' ಎಂಟಿವಿಯಲ್ಲಿ ಮತ್ತೆ ಮತ್ತೆ ಬಂದವು. ಅಮೆರಿಕದಲ್ಲಿ ಹತ್ತು ಲಕ್ಷ ಪ್ರತಿಗಳ ಪ್ಲಾಟಿನಂ ಗಡಿ ಮುಟ್ಟಿದ ಮೊದಲ ಕ್ರೈಸ್ತ ಮೆಟಲ್ ಆಲ್ಬಂ ಇದು.

ಇಷ್ಟಾದರೂ ಎರಡು ಕಡೆಯಿಂದಲೂ ಏಟು ಬಿತ್ತು. ಮೆಟಲ್ ಅಭಿಮಾನಿಗಳಿಗೆ ಇವರು ವೇದಿಕೆ ಹತ್ತಿದ ಪಾದ್ರಿಗಳು. ಚರ್ಚಿನ ಕಟ್ಟಾಳುಗಳಿಗೆ ಕುರಿಯ ತೊಗಲು ಹೊದ್ದ ತೋಳಗಳು. ದೇವದೂತರು ಸೈತಾನನನ್ನು ಪ್ರಪಾತಕ್ಕೆ ದಬ್ಬುವ ಮೂಲ ಮುಖಪುಟಕ್ಕೆ ಆಕ್ಷೇಪ ಬಂದು, ಬರಿಯ ಕಪ್ಪು ಮುಖಪುಟ ಹಾಕಬೇಕಾಯಿತು. ಅವರನ್ನು ಭಕ್ತಿಗೆ ತಂದ ಸ್ವಾಗರ್ಟ್ ಅವರೇ ಕ್ರೈಸ್ತ ರಾಕ್ ವಿರುದ್ಧ ಪುಸ್ತಕ ಬರೆದರು. ಅದೇ ಸ್ವಾಗರ್ಟ್ ಒಳ್ಳೆಯ ಪಿಯಾನೊ ವಾದಕ, ರಾಕ್ ಅಂಡ್ ರೋಲ್ ತಾರೆ ಜೆರಿ ಲೀ ಲೂಯಿಸ್‌ಗೆ ಹತ್ತಿರದ ಸಂಬಂಧಿಯಾಗಿದ್ದರು. ತನ್ನ ರಕ್ತದಲ್ಲೇ ಇದ್ದ ಲಯಕ್ಕೆ ಅಷ್ಟು ಹೆದರಿದ್ದು ನನಗೆ ಬೇಸರ ತರಿಸುತ್ತದೆ.

1988ರ 'ಇನ್ ಗಾಡ್ ವಿ ಟ್ರಸ್ಟ್' ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೋಲ್ಡ್ ಆಯಿತು, ಆದರೆ ಸ್ಟುಡಿಯೊ ಮೆರುಗು ಅತಿಯಾಗಿ ಗಿಟಾರು ಮಂಕಾಗಿದೆ. 'ದ ರೇನ್' ಒಂದನ್ನು ಉಳಿಸಿಕೊಂಡರೆ ಸಾಕು.

1990ರ 'ಅಗೇನ್ಸ್ಟ್ ದ ಲಾ' ಬಗ್ಗೆ ಮಾತ್ರ ಜಗಳ ಮಾಡಲೇಬೇಕು. ಹಳದಿ ಕಪ್ಪು ಹೋಯಿತು, ದೇವರ ಹೆಸರೂ ಹೋಯಿತು. ಮಾಟ್ಲಿ ಕ್ರೂ, ಚೀಪ್ ಟ್ರಿಕ್ ತಂಡಗಳ ನಿರ್ಮಾಪಕ ಟಾಮ್ ವರ್ಮನ್ ಬಂದರು. ಅರ್ತ್, ವಿಂಡ್ ಅಂಡ್ ಫೈರ್ ತಂಡದ 'ಶೈನಿಂಗ್ ಸ್ಟಾರ್' ಹಾಡನ್ನು ಹೊಸದಾಗಿ ನುಡಿಸಿದರು. ಭಕ್ತ ಕೇಳುಗರು ಮುನಿಸಿಕೊಂಡರು, ಹೊಸ ಕೇಳುಗರು ಬರಲಿಲ್ಲ. ಆ ದಿನಗಳಲ್ಲಿ ಕುಡಿತದ ದಾರಿ ಹಿಡಿದಿದ್ದೆವು ಎಂದು ಮೈಕೆಲ್ ಮುಂದೆ ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಆದ್ದರಿಂದ ಈ ಆಲ್ಬಮ್ಮನ್ನು ತಂಡದ ಪತನವೆಂದೇ ಬರೆಯುವುದು ವಾಡಿಕೆ. ಸಾಹಿತ್ಯದ ಮಟ್ಟಿಗೆ ಒಪ್ಪುತ್ತೇನೆ. ತೊಗಲಿನ ಜಾಕೆಟ್ ತೊಟ್ಟ ಯಾವ ತಂಡವಾದರೂ ಹಾಡಬಹುದಾದ ಹಾಡುಗಳಿವು. ನಾದದ ಮಟ್ಟಿಗೆ ಒಪ್ಪುವುದಿಲ್ಲ. ಬೇಸ್ ಮತ್ತು ಡ್ರಮ್ ಒಂದನ್ನೊಂದು ಹಿಡಿದು ತೂಗುವುದು ಸ್ಟ್ರೈಪರ್‌ನಲ್ಲಿ ಮೊದಲ ಸಲ ಕೇಳಿಸುವುದು ಇಲ್ಲೇ. ಮೈಕೆಲ್ ದನಿ ಎದೆಯಿಂದ, ತುಸು ಕರಕಲಾಗಿ ಬರುವುದೂ ಇಲ್ಲೇ. ದೇವರ ಹೆಸರಿಲ್ಲದೆ ಹಾಡುವಾಗ ಕಲಿತ ಈ ಒರಟುತನ ಎರಡು ದಶಕದ ನಂತರ ದೇವರ ಹಾಡಿಗೆ ಒದಗಿಬಂತು.

1992ರಲ್ಲಿ ಮೈಕೆಲ್ ತಂಡ ಬಿಟ್ಟರು. ಸಿಯಾಟಲ್ಲಿನ ಗ್ರಂಜ್ ಅಲೆ ಉಳಿದುದನ್ನು ಒಯ್ದಿತು. 2003ರಲ್ಲಿ ಮರುಕೂಡಿ, 2005ರಲ್ಲಿ 'ರೀಬಾರ್ನ್' ತಂದರು. ಸಾಹಿತ್ಯ ಮತ್ತೆ ನೇರ ಭಕ್ತಿಗೆ ಬಂದಿತ್ತು, ಆದರೆ ಸದ್ದು ಆ ಕಾಲದ ರೇಡಿಯೊವನ್ನು ಹಿಂಬಾಲಿಸಿತ್ತು. ಸೋಲೊಗಳಿಗೆ ಕತ್ತರಿ ಬಿದ್ದು, ಜೋಡಿ ಗಿಟಾರಿನ ಆಟವೇ ಕಾಣೆಯಾಗಿತ್ತು. ಸ್ಟ್ರೈಪರ್‌ನಿಂದ ಅದನ್ನು ತೆಗೆದರೆ ಉಳಿಯುವುದು ಕಡಿಮೆ.

ನನ್ನ ಲೆಕ್ಕದಲ್ಲಿ ತಿರುವು ಬಂದದ್ದು 2011ರ 'ದ ಕವರಿಂಗ್' ಆಲ್ಬಮ್ಮಿನಲ್ಲಿ. ಅದರಲ್ಲಿ ಹೊಸ ಹಾಡು ಒಂದೇ ಒಂದು. ಉಳಿದವೆಲ್ಲ ಬೇರೆಯವರವು: ಜೂಡಾಸ್ ಪ್ರೀಸ್ಟ್, ಐರನ್ ಮೇಡನ್, ಡೀಪ್ ಪರ್ಪಲ್, ಲೆಡ್ ಜೆಪ್ಪೆಲಿನ್, ವ್ಯಾನ್ ಹೇಲನ್, ಬ್ಲ್ಯಾಕ್ ಸಬ್ಬತ್ ಮುಂತಾದವರವು. ಚರ್ಚಿನವರು ಸೈತಾನನ ಸಂಗೀತವೆಂದು ಬೆರಳು ತೋರಿದ್ದು ಈ ತಂಡಗಳ ಕಡೆಗೇ. ಇವರೇ ನಮ್ಮ ಗುರುಗಳು ಎಂದು ಸ್ಟ್ರೈಪರ್ ಮುಚ್ಚುಮರೆಯಿಲ್ಲದೆ ಹೇಳಿಕೊಂಡ ಆಲ್ಬಂ ಅದು. ಗುರುಗಳ ರಿಫ್‌ಗಳನ್ನು ಬೆರಳಿಗೆ ಹತ್ತಿಸಿಕೊಂಡು ಕೂತ ಮೇಲೆ ಬಂದದ್ದು 2013ರ 'ನೋ ಮೋರ್ ಹೆಲ್ ಟು ಪೇ'. ಗಿಟಾರಿನ ದನಿ ದಪ್ಪಗಾಗಿದೆ, ಕೆಳಗಿಳಿದಿದೆ. ಕೋರಸ್ ಇನ್ನೂ ಸಿಹಿಯಾಗಿದೆ, ಆದರೆ ಆ ಸಿಹಿಗೆ ಈಗ ಬುಡದಲ್ಲಿ ಭಾರವಿದೆ. ಸೋಲೊಗಳು ಮರಳಿವೆ, ಷಡ್ಜ ಗಾಂಧಾರದ ಜೋಡಿಯೂ ಮರಳಿದೆ.

2015ರ 'ಫಾಲನ್' ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಆರಂಭದ 'ಯಾಹ್ವೆ' ಆರು ನಿಮಿಷ ದಾಟುವ ಹಾಡು. ಚರ್ಚಿನ ಮೇಳದಂತಹ ಕಂಠಗಳು ಏಳುತ್ತವೆ, ಅವನ್ನು ಕತ್ತರಿಸಿಕೊಂಡು ಗಿಟಾರು ನುಗ್ಗುತ್ತದೆ, ನಡುವೆ ನಡಿಗೆ ಬದಲಾಗುತ್ತದೆ, ಮತ್ತೆ ಮೇಳ ಬರುತ್ತದೆ. 1986ರ ಸ್ಟ್ರೈಪರ್ ಇಷ್ಟು ದೊಡ್ಡ ಕಟ್ಟಡಕ್ಕೆ ಕೈಹಾಕುತ್ತಿರಲಿಲ್ಲ. ಇದೇ ಆಲ್ಬಮ್ಮಿನಲ್ಲಿ ಸೃಷ್ಟಿಯ ಮೊದಲ ಬೆಳಕಿನ ಹಾಡಿದೆ, ಹಾಲಿವುಡ್‌ನ ಸುಳ್ಳುಗಳ ಮೇಲೆ ಸಿಟ್ಟಿನ ಹಾಡಿದೆ, 'ಪ್ರೈಡ್' ಎಂದೇ ಹೆಸರಿಟ್ಟ ಹಾಡಿದೆ. ಅಹಂಕಾರ 2009ರ 'ಮರ್ಡರ್ ಬೈ ಪ್ರೈಡ್' ಕಾಲದಿಂದಲೇ ಇವರನ್ನು ಕಾಡುತ್ತ ಬಂದ ವಸ್ತು. ಹಳದಿ ಕಪ್ಪಿನ ಹುಡುಗರಿಗೆ ಶತ್ರು ಯಾರೆಂದು ಚೆನ್ನಾಗಿ ಗೊತ್ತಿತ್ತು, ಅವನಿಗೆ ಕೊಂಬಿತ್ತು. 'ಫಾಲನ್'ನದು ಬಿದ್ದು ಎದ್ದವರ ಸಾಹಿತ್ಯ, ಇದರಲ್ಲಿ ಶತ್ರು ಕನ್ನಡಿಯಲ್ಲೂ ಇದ್ದಾನೆ. ಇಂಥ ಮಾತಿಗೆ ಹಳೆಯ ಸಕ್ಕರೆ ಸದ್ದು ಹೊಂದುವುದಿಲ್ಲ. ಪಾಪವನ್ನು ಹಾಡುವ ಸಂಗೀತಕ್ಕೆ ತೂಕ ಬೇಕು.

ಅದೇ ಆಲ್ಬಮ್ಮಿನಲ್ಲಿ ಅವರು ಬ್ಲ್ಯಾಕ್ ಸಬ್ಬತ್‌ನ 'ಆಫ್ಟರ್ ಫಾರೆವರ್' ನುಡಿಸಿದ್ದಾರೆ. 1971ರ ಈ ಹಾಡು ದೇವರನ್ನು ನಂಬು ಎಂದು ನೇರವಾಗಿ ವಾದಿಸುತ್ತದೆ. ಸಬ್ಬತ್‌ಗೆ ಬಹುಪಾಲು ಸಾಹಿತ್ಯ ಬರೆದ ಗೀಜರ್ ಬಟ್ಲರ್ ಕ್ಯಾಥೊಲಿಕ್ ಮನೆತನದವರು. ಲೋಕವೆಲ್ಲ ಸೈತಾನನ ತಂಡವೆಂದು ಕರೆದವರು ಬರೆದ ಭಕ್ತಿಯ ಹಾಡನ್ನು, ಲೋಕವೆಲ್ಲ ಭಕ್ತರ ತಂಡವೆಂದು ಗೇಲಿ ಮಾಡಿದವರು 44 ವರ್ಷದ ನಂತರ ಎತ್ತಿಕೊಂಡರು. ಮೆಟಲ್ ಮತ್ತು ಭಕ್ತಿ ಎಣ್ಣೆ ನೀರೆಂದು ವಾದಿಸುವವರು ಈ ಎರಡು ಧ್ವನಿಮುದ್ರಣಗಳನ್ನು ಒಂದರ ಹಿಂದೆ ಒಂದು ಕೇಳಲಿ.

2018ರ 'ಗಾಡ್ ಡ್ಯಾಮ್ ಈವಿಲ್' ಹೆಸರಿನಿಂದಲೇ ಗದ್ದಲವೆಬ್ಬಿಸಿತು. ಕೆಡುಕನ್ನು ದೇವರು ಶಪಿಸಲಿ ಎಂಬ ಪ್ರಾರ್ಥನೆ ಬೈಗುಳದ ಹಾಗೆ ಕೇಳಿಸಿ, ಅಮೆರಿಕದಲ್ಲಿ ಅದನ್ನು ಕೆಲವರು ಮಾರಾಟಕ್ಕೇ ಇಡಲಿಲ್ಲ. ಮೊದಲ ಹಾಡು 'ಟೇಕ್ ಇಟ್ ಟು ದ ಕ್ರಾಸ್' ಥ್ರ್ಯಾಶ್ ವೇಗದ್ದು. ಷ್ಯಾಡೋಸ್ ಫಾಲ್ ತಂಡದ ಮ್ಯಾಟ್ ಬಚಾಂಡ್ ಅದರಲ್ಲಿ ಗುರುಗುಟ್ಟುವ ದನಿ ಕೊಟ್ಟಿದ್ದಾರೆ. ಅದೇ ವರ್ಷ ಆಜ್ ಫಾಕ್ಸ್ ವೇದಿಕೆಯ ಮೇಲೇ ಕುಸಿದರು, ಮೆದುಳಿನಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಆಮೇಲೂ ಅವರು ಗಿಟಾರು ಬಿಡಲಿಲ್ಲ. 2020ರ 'ಈವನ್ ದ ಡೆವಿಲ್ ಬಿಲೀವ್ಸ್' ತನ್ನ ಹೆಸರನ್ನು ಯಾಕೋಬನ ಪತ್ರಿಕೆಯ 2ನೇ ಅಧ್ಯಾಯದಿಂದ ಪಡೆದಿದೆ. ದೆವ್ವಗಳೂ ದೇವರಿದ್ದಾನೆಂದು ನಂಬುತ್ತವೆ, ಬರಿಯ ನಂಬಿಕೆ ಸಾಲದು ಎಂಬುದು ಅದರ ತಿರುಳು. 1986ರ ಶೀರ್ಷಿಕೆಯ ಪಕ್ಕ ಇದನ್ನಿಟ್ಟರೆ ಈ ತಂಡ ಎಷ್ಟು ದೂರ ನಡೆದಿದೆಯೆಂದು ತಿಳಿಯುತ್ತದೆ. 2022ರ 'ದ ಫೈನಲ್ ಬ್ಯಾಟಲ್', 2024ರ 'ವೆನ್ ವಿ ವರ್ ಕಿಂಗ್ಸ್' ಅದೇ ಗಡಸು ದಾರಿಯವು. ಹೊಸದನ್ನೇನೂ ಸೇರಿಸುವುದಿಲ್ಲ, ಆದರೆ ಮೈಕೆಲ್ ಅರವತ್ತರ ಹೊಸ್ತಿಲಲ್ಲಿ ತಲುಪುವ ಸ್ವರಗಳಿಗಾಗಿಯಾದರೂ ಕೇಳಬೇಕು.

ಕೊರತೆಯನ್ನೂ ಹೇಳಬೇಕು. ಇವರ ರೂಪಕಗಳು ಸವೆದಿವೆ. ಬೆಂಕಿ, ಯುದ್ಧ, ರಕ್ತ, ಬೆಳಕು, ಮತ್ತೆ ಬೆಂಕಿ. ಅದಕ್ಕಿಂತ ಮುಖ್ಯವಾಗಿ, ಇವರು ದೇವರನ್ನು ಎಂದೂ ಪ್ರಶ್ನಿಸುವುದಿಲ್ಲ. ಬೈಬಲ್ಲಿನ ಕೀರ್ತನೆಗಳಲ್ಲಿ ನೊಂದವರ ದೂರು ತುಂಬಿದೆ, ಎಲ್ಲಿ ಅಡಗಿದ್ದೀಯೆಂದು ದೇವರನ್ನೇ ಕೇಳುವ ಧೈರ್ಯವಿದೆ. ಸ್ಟ್ರೈಪರ್‌ನಲ್ಲಿ ಅದು ಕೇಳಿಸದು. ದಾಸರ ನಿಂದಾಸ್ತುತಿ ಕೇಳಿ ಬೆಳೆದ ನಮ್ಮ ಕಿವಿಗೆ ಈ ಕೊರತೆ ಬೇಗ ಗೊತ್ತಾಗುತ್ತದೆ. ಭಕ್ತಿ ಮತ್ತು ಸಂಶಯ ಜತೆಜತೆಗೆ ಬೇಕೆನ್ನುವವರು ಟೆಕ್ಸಸ್‌ನ ಕಿಂಗ್ಸ್ ಎಕ್ಸ್ ತಂಡದ 1989ರ 'ಗ್ರೆಚೆನ್ ಗೋಸ್ ಟು ನೆಬ್ರಾಸ್ಕಾ' ಹುಡುಕಿಕೊಳ್ಳಿ.

ಸ್ಟ್ರೈಪರ್ ಕೇಳಲು ಶುರುಮಾಡುವವರಿಗೆ ನನ್ನ ಸಲಹೆ ಇಷ್ಟು. ಮೊದಲು 'ಟು ಹೆಲ್ ವಿತ್ ದ ಡೆವಿಲ್' ಪೂರ್ತಿ ಕೇಳಿ, ಆಮೇಲೆ ಸಾಹಿತ್ಯ ಮರೆತು 'ಅಗೇನ್ಸ್ಟ್ ದ ಲಾ' ಕೇಳಿ, ಅಲ್ಲಿಂದ ನೇರ 'ಫಾಲನ್'ಗೆ ಹಾರಿ. ಮೊಬೈಲಿನ ಸ್ಪೀಕರಿನಲ್ಲಿ ಬೇಡ, ಕೆಳಗಿನ ಸ್ವರಗಳು ಸತ್ತುಹೋಗುತ್ತವೆ. ಒಳ್ಳೆಯ ಹೆಡ್‌ಫೋನ್ ಇರಲಿ. ಪಟ್ಟಿ ಮಾಡುವವರೆಲ್ಲ ತಂಡದ ಶ್ರೇಷ್ಠ ಆಲ್ಬಂ ಎಂದು 1986ರದ್ದನ್ನೇ ಹೇಳುತ್ತಾರೆ. ನನ್ನ ಮತ 'ಫಾಲನ್'ಗೆ.