ಅದ್ಭುತದ ಅಭಿಮಾನಿ: ರಂಗಸ್ಥಳದ ಮುಂದೆ, ದೂರದರ್ಶನದ ಮುಂದೆ

ಅಭಿಮಾನವೆಂಬ ಪದಕ್ಕೆ ಸಂಸ್ಕೃತದಲ್ಲಿ ಅಹಂಕಾರದ ಛಾಯೆಯಿದ್ದರೆ, ಕನ್ನಡದಲ್ಲಿ ಅದು ಪ್ರೀತಿಯ ಅರ್ಥವನ್ನು ಪಡೆದುಕೊಂಡಿದೆ. ಆದರೂ ವಿದ್ವಾಂಸರ ಬಾಯಲ್ಲಿ ‘ಅಭಿಮಾನಿ’ ಎಂಬ ಮಾತು ಬಂದಾಗ ಅದರಲ್ಲಿ ಅಷ್ಟಿಷ್ಟು ತಾತ್ಸಾರವೂ ಬೆರೆತಿರುವುದುಂಟು. ಸಿಳ್ಳೆ ಹಾಕುವವನು, ನಿದ್ದೆಗೆಟ್ಟು ಮೇಳದ ಬೆನ್ನುಹತ್ತಿ ಹೋಗುವವನು, ತನ್ನ ಮೆಚ್ಚಿನ ವೇಷಧಾರಿಯನ್ನು ಬಿಟ್ಟರೆ ಬೇರೊಬ್ಬನಿಲ್ಲವೆಂದು ಹಟ ಹಿಡಿಯುವವನು. ಇಂಥವನ ಅಭಿಪ್ರಾಯಕ್ಕೆ ಶಾಸ್ತ್ರದಲ್ಲಾಗಲಿ ಇತಿಹಾಸದಲ್ಲಾಗಲಿ ಯಾವ ಸ್ಥಾನ ಎಂಬುದು ನಮ್ಮಲ್ಲಿ ಅನೇಕರ ನಿಲುವು. ಈ ನಿಲುವು ಸಾಧುವಲ್ಲವೆಂದು ನಾವು ಭಾವಿಸುತ್ತೇವೆ. ಅದ್ಭುತವನ್ನೇ ವಸ್ತುವಾಗಿ ಉಳ್ಳ ಕಲೆಗಳ ಮಟ್ಟಿಗಾದರೂ ಅಭಿಮಾನಿಯೇ ಮೊದಲ ವಿಮರ್ಶಕ. ಅನೇಕ ವೇಳೆ ಅವನೇ ಏಕೈಕ ದಾಖಲೆಗಾರನೂ ಹೌದು. ಅವನಲ್ಲಿ ದೋಷವುಂಟು. ಆದರೆ ಅದು ನಾವು ಸಾಮಾನ್ಯವಾಗಿ ಎಣಿಸುವ ದೋಷವಲ್ಲ.

ಭರತಮುನಿಯು ಅಭಿಮಾನಿಯನ್ನು ಕಡೆಗಣಿಸಿದವನಲ್ಲ. ನಾಟ್ಯಶಾಸ್ತ್ರದ 27ನೆಯ ಅಧ್ಯಾಯವು ಪ್ರಯೋಗದ ಸಿದ್ಧಿಯನ್ನು ಕುರಿತದ್ದು. ನಾಟಕ ಫಲಿಸಿತೆಂಬುದನ್ನು ಅಲ್ಲಿ ಅಳೆಯುವುದು ಕವಿಯ ಉದ್ದೇಶದಿಂದಲ್ಲ, ಪ್ರೇಕ್ಷಕನ ಮೈಯಿಂದ, ಬಾಯಿಯಿಂದ. ಮುಗುಳ್ನಗೆ, ಗಟ್ಟಿ ನಗೆ, ‘ಅಹೋ’, ‘ಸಾಧು’ ಎಂಬ ಉದ್ಗಾರ, ರೋಮಾಂಚ, ಆಸನ ಬಿಟ್ಟು ಏಳುವುದು, ಮೈಮೇಲಿನ ವಸ್ತ್ರವನ್ನೇ ತೆಗೆದು ಕೊಡುವುದು, ಇವೆಲ್ಲವೂ ಅಲ್ಲಿ ಮಾನುಷೀ ಸಿದ್ಧಿಯ ಲಕ್ಷಣಗಳು. ತುಂಬಿದ ಸಭೆ ಸದ್ದಿಲ್ಲದೆ ಕುಳಿತಿರುವುದು ದೈವಿಕೀ ಸಿದ್ಧಿ. ಅದೇ ಅಧ್ಯಾಯದಲ್ಲಿ ವಿವಾದ ಬಂದಾಗ ನಿರ್ಣಯ ಹೇಳಬೇಕಾದ ಪ್ರಾಶ್ನಿಕರ ಪಟ್ಟಿಯೂ ಇದೆ. ಅದರಲ್ಲಿ ವ್ಯಾಕರಣಜ್ಞ, ಛಂದಸ್ಸು ಬಲ್ಲವನು ಇರುವಂತೆ ಅಸ್ತ್ರವಿದ್ಯೆ ಬಲ್ಲವನೂ ಚಿತ್ರಕಾರನೂ ಇದ್ದಾರೆ. ರಂಗದ ಮೇಲೆ ಬಾಣ ಹೂಡುವವನು ಸರಿಯಾಗಿ ಹೂಡಿದನೇ ಎಂಬುದನ್ನು ಬಿಲ್ಲುಗಾರನೇ ಹೇಳಬೇಕೆಂಬ ವಿವೇಕ ಇಲ್ಲಿದೆ. ಅದ್ಭುತರಸಕ್ಕೆ ಸ್ಥಾಯಿ ವಿಸ್ಮಯ. ದಿವ್ಯಜನರ ದರ್ಶನ, ವಿಮಾನ, ಮಾಯೆ, ಇಂದ್ರಜಾಲಗಳಿಂದ ಅದು ಹುಟ್ಟುವುದೆಂದು ರಸಾಧ್ಯಾಯ ಹೇಳುತ್ತದೆ. ಇಂದಿನ ವೈಜ್ಞಾನಿಕ ಅದ್ಭುತಕಥೆಗಳ ಸಾಮಗ್ರಿಯೂ ಬಹುಮಟ್ಟಿಗೆ ಇಷ್ಟೇ ಅಲ್ಲವೆ? ವಿಮಾನ ಅಂತರಿಕ್ಷನೌಕೆಯಾಗಿದೆ, ಮಾಯೆ ಯಂತ್ರವಾಗಿದೆ.

ಭಟ್ಕಳ ತಾಲ್ಲೂಕಿನ ಬೆಳಕೆಯಿಂದ ಹೊನ್ನಾವರವನ್ನು ಹಾದು ಕುಮಟೆಯವರೆಗೆ ಹಬ್ಬಿರುವ ಕರಾವಳಿಯಲ್ಲಿ ಈ ರಸದ ಅಭಿಮಾನಿಗಳಿಗೆ ಎಂದೂ ಕೊರತೆಯಿರಲಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಈ ಸೀಮೆಯದು. ಅವರ ಪುತ್ರ ಶಂಭು ಹೆಗಡೆಯವರು, ಕೆರೆಮನೆ ಮಹಾಬಲ ಹೆಗಡೆಯವರು, ಹೊಸಾಕುಳಿಯಲ್ಲಿ 1933ರಲ್ಲಿ ಹುಟ್ಟಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಇಲ್ಲಿಯವರೇ. ಬಡಗುತಿಟ್ಟಿನ ಆಟವೆಂದರೆ ದೇವದಾನವರ ಲೋಕ. ಅಲ್ಲಿ ಸಾಮಾನ್ಯ ಮನುಷ್ಯನಿಗೆ ಹಾಸ್ಯಗಾರನ ವೇಷವನ್ನು ಬಿಟ್ಟರೆ ಹೆಚ್ಚಿನ ಎಡೆಯಿಲ್ಲ. ಇದನ್ನು ಭಕ್ತಿಯ ಕಲೆಯೆಂದು ಮಾತ್ರ ಬಣ್ಣಿಸುವವರು ಅದರ ಅರ್ಧವನ್ನಷ್ಟೇ ಕಂಡವರು. ಹರಕೆಯ ಆಟಕ್ಕೆ ಭಕ್ತಿಯಿಂದ ಬಂದವನು ಕೂಡ ಬಣ್ಣದ ವೇಷದ ಒಡ್ಡೋಲಗದ ಹೊತ್ತಿಗೆ ನಿದ್ದೆಯಿಂದೆದ್ದು ಕಣ್ಣುಜ್ಜಿಕೊಂಡು ಕುಳಿತುಕೊಳ್ಳುತ್ತಾನೆ. ತೆರೆಯ ಹಿಂದಿನ ಆರ್ಭಟ, ತೆರೆಯ ಅಂಚಿನಲ್ಲಿ ತೋರಿ ಮರೆಯಾಗುವ ಕಿರೀಟ, ದೀವಟಿಗೆಗೆ ಎರಚಿದ ರಾಳದಿಂದ ಭುಗಿಲ್ಲೆಂದು ಏಳುವ ಉರಿ: ಇದನ್ನು ನೋಡುವ ಆಸೆ ಭಕ್ತಿಯಲ್ಲ, ವಿಸ್ಮಯ.

ಅಭಿಮಾನಿಯ ವಿಮರ್ಶೆ ಎಂಥದು ಎಂಬುದಕ್ಕೆ ಚಿಟ್ಟಾಣಿಯವರ ಭಸ್ಮಾಸುರನನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಕತೆ ಎಲ್ಲರೂ ಬಲ್ಲದ್ದು. ಶಿವನಿಂದ ಉರಿಹಸ್ತದ ವರ ಪಡೆದ ಅಸುರ, ಶಿವನ ಮೇಲೆಯೇ ಅದನ್ನು ಪರೀಕ್ಷಿಸಹೊರಟು, ಕೊನೆಗೆ ಮೋಹಿನಿಯ ನರ್ತನವನ್ನು ಅನುಕರಿಸುತ್ತ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡು ಬೂದಿಯಾಗುತ್ತಾನೆ. ಇಂಥ ಕಥೆಯನ್ನು ‘ನಂಬಲು ಸಾಧ್ಯವೇ’ ಎಂದು ಕೇಳುವುದು ವ್ಯರ್ಥ. ಆದರೆ ಅದಕ್ಕೆ ತನ್ನದೇ ಆದ ಒಂದು ನಿಯಮವಿದೆ. ವರ ದೊರೆತ ಕ್ಷಣದಿಂದ ಆ ಕೈ ಸುಡುವ ಕೈ. ಆಮೇಲೆ ವೇಷಧಾರಿ ಜಾರಿದ ಕಿರೀಟವನ್ನು ಸರಿಪಡಿಸಿಕೊಳ್ಳಲೆಂದು ಕೈಯೆತ್ತಿದರೆ ಪ್ರಸಂಗ ಅಲ್ಲಿಗೇ ಮುಗಿಯಬೇಕಾಗುತ್ತದೆ! ಮೊದಲ ಬಾರಿಗೆ ಆಟ ನೋಡುವವನಿಗೆ ಇದು ಹೊಳೆಯಲಾರದು; ಹತ್ತಾರು ಬಾರಿ ನೋಡಿದ ಅಭಿಮಾನಿಯ ಕಣ್ಣು ಆ ಕೈಯಿಂದ ಕದಲುವುದಿಲ್ಲ. ಅಸಂಭವವನ್ನು ಒಪ್ಪಿಕೊಂಡ ಮೇಲೆ ಅಸಂಗತಿಯನ್ನು ಒಪ್ಪದಿರುವುದೇ ಅದ್ಭುತದ ವಿಮರ್ಶೆಯ ಮೂಲಸೂತ್ರ. ಇದನ್ನು ಅಭಿಮಾನಿ ಯಾವ ಗ್ರಂಥದಿಂದಲೂ ಕಲಿತುದಲ್ಲ.

ಚಿಟ್ಟಾಣಿಯವರ ಹೆಚ್ಚುಗಾರಿಕೆಯೂ ಈ ನಿಯಮದೊಳಗೇ ಇತ್ತೆಂದು ನಮ್ಮ ಮತ. ಅಸುರನಲ್ಲಿ ಅವರು ಶೃಂಗಾರವನ್ನು ತಂದರೆಂದು ಕೆಲವರು ಹೊಗಳಿದರು, ಮತ್ತೆ ಕೆಲವರು ಅದನ್ನೇ ಅತಿಯೆಂದು ಹಳಿದರು. ಆದರೆ ಆ ಶೃಂಗಾರವಿಲ್ಲದಿದ್ದರೆ ಅಸುರನು ಕೈಯನ್ನು ಮರೆಯುವ ಬಗೆ ಹೇಗೆ? ಮೋಹಿನಿಯ ಒಂದೊಂದು ಭಂಗಿಯನ್ನೂ ಕಣ್ಣಿನಿಂದ ಮೊದಲು ಹಿಡಿದು, ಅನಂತರ ಮೈಗೆ ತಂದುಕೊಳ್ಳುವ ಆ ಅನುಕರಣದಲ್ಲಿ ಮರೆವು ಮೆಲ್ಲಮೆಲ್ಲನೆ ಬೆಳೆಯುತ್ತದೆ. ಬಲದ ಗರ್ವ ಹೋಗಿ ಕುಣಿಯುವ ಸಂತೋಷವೊಂದೇ ಉಳಿದಾಗ ಕೈ ತಲೆಗೆ ಹೋಗುತ್ತದೆ. ಅಸುರ ಸತ್ತದ್ದು ವಂಚನೆಯಿಂದಲ್ಲ, ಕಲೆಯಿಂದ ಎನ್ನಿಸುವ ಹಾಗೆ. ಎರಡನೆಯ ತರಗತಿಯನ್ನು ದಾಟಿ ಓದದ ಈ ಕಲಾವಿದರಿಗೆ 2012ರಲ್ಲಿ ಪದ್ಮಶ್ರೀ ಸಂದಿತು. 2017ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು.

ಇನ್ನು ದೂರದರ್ಶನ. ರಮಾನಂದ ಸಾಗರರ ‘ರಾಮಾಯಣ’ 1987ರ ಜನವರಿ 25ರಂದು ಆರಂಭವಾಗಿ 1988ರ ಜುಲೈವರೆಗೆ ಭಾನುವಾರದ ಬೆಳಗಿನ ಹೊತ್ತಿನಲ್ಲಿ 78 ಕಂತುಗಳಾಗಿ ಪ್ರಸಾರವಾಯಿತು. ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ 1988ರಿಂದ 1990ರವರೆಗೆ 94 ಕಂತುಗಳಲ್ಲಿ ನಡೆಯಿತು. ದೂರದರ್ಶನದ ಪೆಟ್ಟಿಗೆಗೇ ಹೂಮಾಲೆ ಹಾಕಿ ಊದುಬತ್ತಿ ಹಚ್ಚಿದವರ ವಿಷಯ ಪತ್ರಿಕೆಗಳಲ್ಲಿ ಬಂದದ್ದನ್ನು ವಾಚಕರು ಬಲ್ಲರು. ಹೀಗೆ ದೇಶದ ಮನೆಮನೆಗಳಲ್ಲಿ ಒಂದೇ ಗಳಿಗೆಯಲ್ಲಿ ಒಂದೇ ಪುರಾಣಚಿತ್ರ ಕಾಣಿಸಿಕೊಂಡದ್ದು ನಮ್ಮ ಸಾಂಸ್ಕೃತಿಕ ಇತಿಹಾಸದಲ್ಲಿ ಹಿಂದೆಂದೂ ನಡೆಯದ ಘಟನೆ. ಅದನ್ನು ಹಗುರವಾಗಿ ಕಾಣುವ ಉದ್ದೇಶ ನಮಗಿಲ್ಲ. ಅರವಿಂದ ತ್ರಿವೇದಿಯವರ ರಾವಣನ ಧ್ವನಿಯಂತೂ ಯಾವ ರಂಗಸ್ಥಳಕ್ಕಾದರೂ ಒಪ್ಪುವಂಥದು. ಆದರೆ ಯುದ್ಧದ ದೃಶ್ಯಗಳನ್ನು ನೋಡಿರಿ. ಎರಡು ಕಡೆಯಿಂದ ಎರಡು ಬಾಣಗಳು ಆಕಾಶದಲ್ಲಿ ನಿಧಾನವಾಗಿ ತೇಲಿಬಂದು, ತುದಿಗೆ ತುದಿ ತಾಗಿ, ಬೆಳಕು ಚಿಮ್ಮಿ, ಒಂದು ಮಾಯವಾಗುತ್ತದೆ. ಯಾವ ಬಾಣ ಏಕೆ ಗೆದ್ದಿತು, ಬಿಟ್ಟವನ ಬಲವೆಷ್ಟು, ತಡೆದವನ ಶ್ರಮವೆಷ್ಟು ಎಂಬುದು ನಮಗೆ ತಿಳಿಯುವುದಿಲ್ಲ. ಭರತನು ಪ್ರಾಶ್ನಿಕನಾಗಿ ಕೂರಿಸಿದ ಅಸ್ತ್ರಜ್ಞನಿಗೆ ಇಲ್ಲಿ ಮಾಡಲು ಕೆಲಸವೇ ಇಲ್ಲ.

ನಮ್ಮ ರಂಗಸ್ಥಳದಲ್ಲಿ ಸಾಮಾನ್ಯವಾಗಿ ಬಾಣವು ವೇಷಧಾರಿಯ ಕೈ ಬಿಟ್ಟು ಹೋಗುವುದೇ ಇಲ್ಲ. ಬಿಲ್ಲುಬಾಣಗಳನ್ನು ಹಿಡಿದು ಇಬ್ಬರೂ ಸುತ್ತುತ್ತಾರೆ, ಚೆಂಡೆ ಏರುತ್ತದೆ, ದಣಿದವನ ಹೆಜ್ಜೆ ಭಾರವಾಗುತ್ತದೆ. ಬಾಣದ ಹಾರಾಟ ಪ್ರೇಕ್ಷಕನ ಮನಸ್ಸಿಗೆ ಬಿಟ್ಟದ್ದು. ತೋರಿಸದಿರುವುದರಿಂದಲೇ ಇದು ಶ್ರೇಷ್ಠವೆಂದು ನಾವು ಹೇಳುತ್ತಿಲ್ಲ. ಸೊಗಸಾಗಿ ತೋರಿಸಿದ ಅದ್ಭುತವನ್ನು ನೋಡುವ ಸುಖವೂ ಸುಖವೇ. ದೂರದರ್ಶನದ ಕೊರತೆ ಬೇರೆ. ಅದು ಅದ್ಭುತವನ್ನು ತೋರಿಸಿತು, ಆದರೆ ಅದರ ನಿಯಮವನ್ನು ಕಟ್ಟಲಿಲ್ಲ. ಅಲ್ಲಿಯ ದೇವತೆಗಳ ರೂಪ ರವಿವರ್ಮನ ವರ್ಣಚಿತ್ರಗಳಿಂದಲೂ ಅವುಗಳ ಸಂತಾನವಾದ ಕ್ಯಾಲೆಂಡರುಗಳಿಂದಲೂ ಬಂದದ್ದು. ಮನುಷ್ಯರಂತೆಯೇ ಮೈಕಟ್ಟು, ಮೇಲೊಂದು ಪ್ರಭಾವಳಿ. ಬಡಗಿನ ಬಣ್ಣದ ವೇಷ ಮನುಷ್ಯನೆಂಬ ನೆನಪನ್ನೇ ಅಳಿಸಿಬಿಡುತ್ತದೆ. 1949ರಿಂದ ಕನ್ನಡದಲ್ಲಿಯೂ ಬಂದ ‘ಚಂದಮಾಮ’ದ ಮುಖಚಿತ್ರಗಳಲ್ಲಿ ಎಂ. ಟಿ. ವಿ. ಆಚಾರ್ಯರು ಈ ಎರಡು ದಾರಿಗಳ ನಡುವೆ ಒಂದು ಹದವನ್ನು ಕಂಡುಕೊಂಡಿದ್ದರು. ಅದು ಬೇರೆಯೇ ಲೇಖನಕ್ಕೆ ತಕ್ಕ ವಿಷಯ. 1997ರಿಂದ 2005ರವರೆಗೆ ಮಕ್ಕಳನ್ನು ಮರುಳುಗೊಳಿಸಿದ ‘ಶಕ್ತಿಮಾನ್’ ಕುರಿತು ಇಷ್ಟು ಸಾಕು: ಗಿರ್ರನೆ ತಿರುಗುವ ಆ ವೀರನಿಗಿಂತ ಕಂತಿನ ಕೊನೆಯಲ್ಲಿ ಅವನು ಹೇಳುತ್ತಿದ್ದ ನೀತಿಪಾಠದ ಮೇಲೆಯೇ ನಿರ್ಮಾಪಕರಿಗೆ ಹೆಚ್ಚು ನಂಬಿಕೆಯಿದ್ದಂತೆ ತೋರುತ್ತದೆ.

ಹೊರದೇಶಗಳ ಎರಡು ನಿದರ್ಶನಗಳು ಇಲ್ಲಿ ಉಪಯುಕ್ತ. ಅಮೆರಿಕದಲ್ಲಿ 1966ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ ಎಂಬ ಅಂತರಿಕ್ಷಯಾನದ ದೂರದರ್ಶನ ಧಾರಾವಾಹಿಯನ್ನು ನಿಲ್ಲಿಸುವರೆಂಬ ಸುದ್ದಿ ಹಬ್ಬಿದಾಗ, ಟ್ರಿಂಬಲ್ ದಂಪತಿಗಳ ಮುಂದಾಳುತನದಲ್ಲಿ ಅಭಿಮಾನಿಗಳು ಪತ್ರಗಳ ಮಳೆಗರೆದರು. ಧಾರಾವಾಹಿ ಮತ್ತೊಂದು ವರ್ಷ ಬದುಕಿ 1969ರಲ್ಲಿ ನಿಂತಿತು. ಅನಂತರವೂ ಉತ್ಸಾಹ ಕುಗ್ಗಲಿಲ್ಲ. ನಕ್ಷೆ ಬರೆಯುವ ವೃತ್ತಿಯ ಫ್ರಾಂಜ್ ಜೋಸೆಫ್ ಎಂಬವರು ಆ ಕಾಲ್ಪನಿಕ ನೌಕೆಯ ಒಳರಚನೆಯನ್ನೆಲ್ಲ ಕಟ್ಟಡದ ನಕ್ಷೆಯಷ್ಟು ನಿಷ್ಠೆಯಿಂದ ಚಿತ್ರಿಸಿ 1975ರಲ್ಲಿ ಪ್ರಕಟಿಸಿದರು. ಮರುವರ್ಷ, ಮತ್ತೆ ಅಭಿಮಾನಿಗಳ ಪತ್ರಗಳ ಒತ್ತಾಯದಿಂದಲೇ, ಅಮೆರಿಕದ ಮೊದಲ ಪುನರ್ಬಳಕೆಯ ಅಂತರಿಕ್ಷವಿಮಾನಕ್ಕೆ ಕತೆಯ ನೌಕೆಯ ಹೆಸರಾದ ‘ಎಂಟರ್‌ಪ್ರೈಸ್’ ಎಂಬುದನ್ನೇ ಇಟ್ಟರು. (ಪರೀಕ್ಷೆಗೆಂದೇ ಕಟ್ಟಿದ ಆ ವಿಮಾನ ಅಂತರಿಕ್ಷಕ್ಕೆ ಹೋಗಲೇ ಇಲ್ಲವೆಂಬುದು ಬೇರೆ ಮಾತು.) ಕಿರೀಟ ಮುಟ್ಟಬಾರದೆನ್ನುವ ಹೊನ್ನಾವರದವನಿಗೂ, ನೌಕೆಯ ಬಾಗಿಲು ಎಲ್ಲಿಗೆ ತೆರೆಯುವುದೆಂದು ಲೆಕ್ಕ ಹಾಕುವ ಈ ನಕ್ಷೆಗಾರನಿಗೂ ಸ್ವಭಾವದಲ್ಲಿ ಅಂತರವಿಲ್ಲ.

ಎರಡನೆಯದು ನಮಗೆ ಇನ್ನೂ ಹತ್ತಿರದ್ದು. ಬ್ರಿಟನ್ನಿನ ಬಿ.ಬಿ.ಸಿ. 1963ರಲ್ಲಿ ಆರಂಭಿಸಿದ ‘ಡಾಕ್ಟರ್ ಹೂ’ ಎಂಬ ಕಾಲಸಂಚಾರದ ಧಾರಾವಾಹಿಯ ಹಳೆಯ ಸುರುಳಿಗಳನ್ನು ಆ ಸಂಸ್ಥೆಯೇ ಮುಂದೆ ಅಳಿಸಿಹಾಕಿತು. 1960ರ ದಶಕದ ತೊಂಬತ್ತಕ್ಕೂ ಮಿಕ್ಕ ಕಂತುಗಳು ಹೀಗೆ ಕಳೆದುಹೋಗಿದ್ದವು. ಆದರೆ ಅವುಗಳಲ್ಲಿ ಪ್ರತಿಯೊಂದರ ಧ್ವನಿಯೂ ಉಳಿದಿದೆ. ಉಳಿಸಿದವರು ಗ್ರಂಥಪಾಲಕರಲ್ಲ, ಅಧ್ಯಾಪಕರಲ್ಲ. ತಮ್ಮ ಮನೆಯ ದೂರದರ್ಶನದ ಮುಂದೆ ಧ್ವನಿಮುದ್ರಣ ಯಂತ್ರವನ್ನಿಟ್ಟುಕೊಂಡು ಕುಳಿತ ಎಳೆಯ ಅಭಿಮಾನಿಗಳು.

ನಮ್ಮ ಕರಾವಳಿಯಲ್ಲಿಯೂ ನಡೆದದ್ದು ಇದೇ. ಟೇಪ್ ರೆಕಾರ್ಡರು ಕೈಗೆಟುಕಿದಂದಿನಿಂದ ಆಟದ ರಾತ್ರಿಗಳಲ್ಲಿ ಭಾಗವತರ ಪದ್ಯವನ್ನೂ ಅರ್ಥಗಾರಿಕೆಯನ್ನೂ ಅಭಿಮಾನಿಗಳು ಮುದ್ರಿಸಿಕೊಂಡರು. ಇತಿಹಾಸಕಾರನ ದೃಷ್ಟಿಯಿಂದ ಇವುಗಳ ಬೆಲೆ ದೊಡ್ಡದು. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ (1957) ಪ್ರಸಂಗಗಳ ಹಸ್ತಪ್ರತಿ, ವೇಷ, ರಾಗಗಳನ್ನು ಶೋಧಿಸಿದ ಮಹತ್ವದ ಕೃತಿ. ಆದರೆ ಆಶುವಾಗಿ ಹುಟ್ಟುವ ಅರ್ಥವು ಪ್ರಸಂಗಪುಸ್ತಕದಲ್ಲಿ ಇರುವುದಿಲ್ಲ. ಒಂದು ರಾತ್ರಿ ಆಡಿದ ಮಾತು ಮರುರಾತ್ರಿ ಇಲ್ಲ. ಪುಸ್ತಕವನ್ನು ಆಕರವೆಂದು ನಂಬಿ ಬರೆದ ಯಕ್ಷಗಾನದ ಚರಿತ್ರೆ ಕವಿಗಳ ಚರಿತ್ರೆಯಾದೀತೇ ಹೊರತು ಆಟದ ಚರಿತ್ರೆಯಾಗಲಾರದು.

ಅಭಿಮಾನಿಯ ದೋಷ ಗೋಚರವಾಗುವುದು ಇಲ್ಲಿ. ಅದು ಉತ್ಸಾಹದ ಅತಿಯಲ್ಲ, ಉತ್ಸಾಹದ ಕಿರಿದುತನ. ಚಿಟ್ಟಾಣಿಯವರ ಪಕ್ಷದವರು, ಶಂಭು ಹೆಗಡೆಯವರ ಪಕ್ಷದವರು ಎಂದು ವಾದಿಸಿದವರು ಸುರುಳಿಯಲ್ಲಿ ಉಳಿಸಿಕೊಂಡದ್ದೂ ತಮ್ಮ ತಮ್ಮವರನ್ನೇ. ನಾಯಕನ ಪದ್ಯ ಮುಗಿದೊಡನೆ ಯಂತ್ರ ನಿಂತಿದೆ. ಭಸ್ಮಾಸುರನಿದ್ದಾನೆ, ಅವನನ್ನು ಕುಣಿಸಿ ಕೊಂದ ಮೋಹಿನಿಯ ವೇಷಧಾರಿ ಯಾರು? ಮದ್ದಳೆ ಯಾರದು, ಚೆಂಡೆ ಯಾರದು? ಸುರುಳಿಯ ಮೇಲೆ ನಾಯಕನ ಹೆಸರುಂಟು, ಹೆಚ್ಚೆಂದರೆ ಪ್ರಸಂಗದ ಹೆಸರುಂಟು. ಊರು, ತಾರೀಖು ಇರುವುದು ಅಪರೂಪ. ಕಥೆಯ ಒಳಗಿನ ನಿಯಮವನ್ನು ಅಷ್ಟು ಸೂಕ್ಷ್ಮವಾಗಿ ಕಾಯುವವನು ಕಾಲದೇಶಗಳ ವಿಷಯದಲ್ಲಿ ಇಷ್ಟು ಉದಾಸೀನನಾಗಿರುವುದು ವಿಚಿತ್ರವೇ ಸರಿ. ಇದಕ್ಕೆ ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಇವು ದಾಖಲೆಗಳೆಂದು ಅವನಿಗೆ ಹೇಳಬೇಕಾದವರು ಅವನನ್ನು ಮಾತನಾಡಿಸಲೇ ಇಲ್ಲ.

ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ಸೀಮೆಯಲ್ಲಿ ಕಾಂತಸುರುಳಿ ತೇವ ಹೀರಿ ಅಂಟಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಶಂಭು ಹೆಗಡೆ, ಮಹಾಬಲ ಹೆಗಡೆಯವರಿಬ್ಬರೂ 2009ರಲ್ಲಿ ತೀರಿಕೊಂಡರು. ಅವರ ಆಟಗಳನ್ನು ಮುದ್ರಿಸಿಕೊಂಡವರೂ ಈಗ ವೃದ್ಧರು. ಸುರುಳಿಯ ಧ್ವನಿಯನ್ನು ಹೊಸ ಯಂತ್ರಕ್ಕೆ ಇಳಿಸುವುದು ಕಷ್ಟದ ಕೆಲಸವಲ್ಲ. ಆದರೆ ಅದು ಯಾವ ಊರಿನ ಆಟ, ಯಾವ ವರ್ಷದ್ದು, ಮೋಹಿನಿ ಯಾರು ಎಂಬುದನ್ನು ಯಂತ್ರ ಹೇಳಲಾರದು. ಮುದ್ರಿಸಿಕೊಂಡವನ ನೆನಪಷ್ಟೇ ಹೇಳೀತು. ಹೊನ್ನಾವರ, ಕುಮಟೆ, ಭಟ್ಕಳಗಳ ಕಡೆಯಿಂದ ಬಂದು ನಮ್ಮ ತರಗತಿಗಳಲ್ಲಿ ಓದುವ ವಿದ್ಯಾರ್ಥಿಗಳು ಈ ಬೇಸಗೆಯ ರಜೆಯಲ್ಲಿ ತಮ್ಮ ಊರಿನ ಅಂಥ ಒಬ್ಬ ಹಿರಿಯರ ಬಳಿ ಕುಳಿತು, ಪ್ರತಿ ಸುರುಳಿಗೆ ಒಂದು ಹಾಳೆಯಂತೆ, ಹಿಮ್ಮೇಳದವರ ಹೆಸರನ್ನು ಮೊದಲು ಕೇಳಿ ಬರೆದುಕೊಳ್ಳಲಿ. ನಾಯಕನ ಹೆಸರನ್ನು ಅವರು ಕೇಳದೆಯೇ ಹೇಳುತ್ತಾರೆ.